ಶಕ್ತಿ ಗುಳಿಗಿ

ಟಕ್-ಟಕಾ. ಟಕ್-ಟಕಾ. ತಗಡಿನ ಕಂಪಾಸ್ ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚುವ ಸದ್ದು ಅದು. ಆ ವರ್ಷದ ಮಳೆಗಾಲವೆಲ್ಲ ನನ್ನ ಕಿವಿಯಲ್ಲಿ ಇದ್ದದ್ದು ಅದೇ. ಹೊರಗೆ ಹೈವೇ ಮೇಲೆ ಲಾರಿ ಓಡುತ್ತಿದ್ದವು, ಪಕ್ಕದ ಕ್ಲಾಸಿನಲ್ಲಿ ಮಗ್ಗಿ ಹೇಳಿಸುತ್ತಿದ್ದರು, ಅವೆಲ್ಲದರ ನಡುವೆ ಟಕ್-ಟಕಾ. ನಾನು ಓದಿದ ಕಾನ್ವೆಂಟಿನಲ್ಲಾಗಿದ್ದರೆ ಸಿಸ್ಟರ್ ಹಿಂದಿನಿಂದ ಬಂದು ಫೂಟ್‌ಪಟ್ಟಿಯ ಅಂಚಿನಿಂದ ಬೆರಳ ಗೆಣ್ಣಿಗೆ ಒಂದು ಕೊಟ್ಟು, 'ಸಿಟ್ ಸ್ಟಿಲ್, ಚೈಲ್ಡ್' ಅನ್ನುತ್ತಿದ್ದರು. ನಾನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೂ ಆ ಸದ್ದು ಒಂದು ದಿನ ತಾನಾಗಿ ನಿಂತುಹೋಯಿತು. ನಿಂತಾಗ ನೆಮ್ಮದಿ ಅನಿಸಬೇಕಿತ್ತು. ಅನಿಸಲಿಲ್ಲ.

ರಿಟೈರ್ ಆದ ಮೇಲೂ ಶಿಗ್ಗಾವಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು ನನಗೊಂದು ಕೋಣೆ ಕೊಟ್ಟಿದ್ದರು. ಮೊದಲು ಅದರಲ್ಲಿ ಡ್ರಮ್ಮು, ವಾಲಿಬಾಲ್ ನೆಟ್ಟು ಇಡುತ್ತಿದ್ದರಂತೆ. ನಾನು ಬಂದ ಮೇಲೆ ಬಾಗಿಲಿಗೆ 'ರಿಸೋರ್ಸ್ ರೂಮ್' ಅಂತ ಬೋರ್ಡು ಬಂತು, ಡ್ರಮ್ಮು ಮಾತ್ರ ಹೋಗಲಿಲ್ಲ. ಕ್ಲಾಸಿನಲ್ಲಿ ಹಿಂದೆ ಬೀಳುವವರು, ಕೂತಲ್ಲಿ ಕೂರದವರು, ಒಬ್ಬೊಬ್ಬರಾಗಿ ನನ್ನ ಹತ್ತಿರ ಬರುತ್ತಿದ್ದರು. ಹೀಗೆ ಬಂದವಳು ಮೂರನೇ ಇಯತ್ತೆಯ, ಟಕ್-ಟಕಾದ ಆ ಹುಡುಗಿ. ಬಾಯಿಲೆಕ್ಕದಲ್ಲಿ ಚುರುಕು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಆದರೆ ಅದನ್ನೇ ಬರೆಯಲು ಹೇಳಿದರೆ ಎರಡನೇ ಸಾಲು ಬರೆಯುವಷ್ಟರಲ್ಲಿ ಎದ್ದು ಕಿಟಕಿಯ ಹತ್ತಿರ ಇರುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ಒಂದು ಕಾಲಲ್ಲಿ ಬೂಟು, ಇನ್ನೊಂದು ಕಾಲಲ್ಲಿ ಬರೀ ಸಾಕ್ಸು. 'ಇನ್ನೊಂದು ಎಲ್ಲದವಾ?' ಅಂದರೆ ತನ್ನ ಕಾಲನ್ನು ತಾನೇ ಆಶ್ಚರ್ಯದಿಂದ ನೋಡುತ್ತಿದ್ದಳು.

ಇದು ಬರೀ ತುಂಟತನದ ವಿಷಯವಾಗಿದ್ದರೆ ಯಾರೂ ಡಾಕ್ಟರ ತನಕ ಹೋಗುತ್ತಿರಲಿಲ್ಲ. ಶಾಲೆಯಿಂದ ಗೊಟಗೋಡಿಗೆ ಪಿಕ್‌ನಿಕ್ ಹೋಗಿದ್ದೆವು. ವಾಪಸು ಬರುವಾಗ ರಸ್ತೆಬದಿಗೆ ಬಸ್ಸು ಹತ್ತಿಸಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಆಚೆ ಬದಿಯಲ್ಲಿ ಯಾರದೋ ಆಡಿನ ಮರಿಯೊಂದು ಕುಣಿಯುತ್ತಿತ್ತು. ಹುಡುಗಿ ಸಾಲು ಬಿಟ್ಟು ಹೈವೇಗೆ ಇಳಿದೇಬಿಟ್ಟಳು. ಲಾರಿಯವನು ಬ್ರೇಕು ತುಳಿದ. ಲಾರಿ ಅಡ್ಡಡ್ಡ ತಿರುಗಿ ನಿಂತಿತು, ಟೈರಿನ ವಾಸನೆ ನಮ್ಮ ಮೂಗಿಗೆ ಬಡಿಯಿತು. ಹುಡುಗಿ ಆಚೆ ಬದಿಯಲ್ಲಿ ಮರಿಯ ಕೊರಳು ತಬ್ಬಿಕೊಂಡು ನಿಂತಿದ್ದಳು. ಏನಾಯಿತು ಅನ್ನುವುದೇ ಅವಳಿಗೆ ತಿಳಿದಿರಲಿಲ್ಲ.

ಮರುದಿನ ಹೆಡ್ ಮೇಡಮ್ ತಂದೆತಾಯಿಯನ್ನು ಕರೆಸಿದರು. ಒಳ್ಳೆಯ ಹೆಂಗಸು, ಆದರೆ ಹೆದರಿದ್ದರು. ದಸರೆಯ ರಜೆಯ ತನಕ ನೋಡುತ್ತೇವೆ, ಏನಾದರೂ ಸುಧಾರಿಸಿದರೆ ಸರಿ, ಇಲ್ಲದಿದ್ದರೆ ಟಿ.ಸಿ. ಕೊಡದೆ ಗತಿ ಇಲ್ಲ, ಇಷ್ಟು ಮಕ್ಕಳ ಜವಾಬ್ದಾರಿ ನನ್ನ ಮೇಲಿದೆ ಅಂದರು. ತಾಯಿ ಹಾನಗಲ್ಲ ಕಡೆಯ ಒಂದು ಹಳ್ಳಿಯಲ್ಲಿ ಸರಕಾರಿ ಹೈಸ್ಕೂಲಿನ ಸೈನ್ಸ್ ಟೀಚರು. ಬೇರೆಯವರ ಮಕ್ಕಳ ಬಗ್ಗೆ ಇಂಥದೇ ಮಾತು ತಾನೂ ಆಡಿದ್ದವಳು. ತಲೆ ತಗ್ಗಿಸಿ ಸೆರಗಿನ ದಾರ ಕೀಳುತ್ತ ಕೂತಿದ್ದಳು. ತಂದೆ ಸವಣೂರಿನ ಎಲೆ ವ್ಯಾಪಾರಿ, ನಸುಕಿಗೆ ಹೋಗಿ ವೀಳ್ಯದೆಲೆ ಹಿಡಿದು ಊರೂರಿಗೆ ಕಳಿಸುವವನು. ಆತ ಹೊರಗೆ ಬಂದವನೇ ನನ್ನ ಮುಂದೆ ಕೈ ಜೋಡಿಸಿ, ಹುಬ್ಬಳ್ಳಿಗೆ ನೀವೂ ಬರ್ರಿ ಮೇಡಮ್, ಅಲ್ಲಿ ನಮಗ ಏನ್ ಹೇಳಬೇಕು ತಿಳಿಯೂದಿಲ್ಲ ಅಂದ.

ಹುಬ್ಬಳ್ಳಿಯ ಮಕ್ಕಳ ಮನಸ್ಸಿನ ಡಾಕ್ಟರು ಗಡಿಬಿಡಿ ಮಾಡಲಿಲ್ಲ. ಒಂದಕ್ಕಿಂತ ಹೆಚ್ಚು ಸಲ ಕರೆಸಿದರು. ತಾಯಿಗೊಂದು ಪ್ರಶ್ನೆಪಟ್ಟಿ, ನನಗೊಂದು. ತೂಕ, ಎತ್ತರ, ರಕ್ತದೊತ್ತಡ, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಅನ್ನುವುದು, ಎಲ್ಲ ಕೇಳಿದರು. ಎ.ಡಿ.ಎಚ್.ಡಿ. ಅಂತ ಹೆಸರು ಹೇಳಿದ ಮೇಲೆ, ಕೂರುವುದನ್ನು ರೂಢಿ ಮಾಡಿಸುವ ಪಾಠ ನಡೆಯಲಿ, ಜೊತೆಗೆ ಒಂದು ಗುಳಿಗೆ ಶುರು ಮಾಡೋಣ ಅಂದರು. ತಂದೆ ಕುರ್ಚಿ ಮುಂದಕ್ಕೆ ಎಳೆದುಕೊಂಡ.

'ಡಾಕ್ಟ್ರ, ನೇರ ಕೇಳ್ತೇನಿ. ಇದು ಹುಚ್ಚಿನ ಗುಳಿಗಿ ಹೌದೋ ಅಲ್ಲೋ?'

ಅಲ್ಲ, ಗಮನ ಒಂದು ಕಡೆ ನಿಲ್ಲಲು ಸಹಾಯ ಮಾಡುವಂಥದ್ದು ಅಂದರು ಡಾಕ್ಟರು. ಹಸಿವು ಕಡಿಮೆಯಾಗಬಹುದು, ನಿದ್ದೆ ಹಿಂದೆಮುಂದೆ ಆಗಬಹುದು, ಎದೆ ಜೋರಾಗಿ ಬಡಿದುಕೊಂಡರೆ ಕೂಡಲೇ ಫೋನ್ ಮಾಡಿ. ಮುಖ್ಯ ಮಾತು ಅಂತ ಬೆರಳೆತ್ತಿ ಹೇಳಿದ್ದು ಇದು: ಗುಳಿಗೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ಇಡೀ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಔಷಧ ಬಿಡುತ್ತದೆ, ಹೀಗಾಗಿ ಇಡಿಯಾಗಿಯೇ ನುಂಗಬೇಕು. ಪುಡಿ ಮಾಡಬಾರದು, ಅಗಿಯಬಾರದು. ತಾಯಿ ಸೈನ್ಸ್ ಟೀಚರಲ್ಲವೇ, ಅವಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಗುಳಿಗೆ ಎಲ್ಲ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಸಿಕ್ಕ ಅಂಗಡಿಯವರೂ ಚೀಟಿಯ ಒಂದು ಪ್ರತಿ ತಮ್ಮಲ್ಲೇ ಇಟ್ಟುಕೊಂಡರು. ಯಾಕೆ ಅಂತ ತಂದೆ ಕೇಳಿದ. ಇದು ಕಂಟ್ರೋಲ್ ಇರುವ ಔಷಧ, ರೂಲ್ಸ್ ಹಾಗಿದೆ ಅಂದರು. ಆತನ ಮುಖ ಕಪ್ಪಿಟ್ಟಿತು. ತಡಸ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಗಂಡಹೆಂಡತಿ ಇಬ್ಬರೂ ಗಾಡಿಯ ಹಿಂದೆ ನಿಂತು ಮಾತಾಡಿದರು. ತಿರುಗಿ ಬಂದಾಗ ತೀರ್ಮಾನ ಆಗಿತ್ತು: ಮನೆಯಲ್ಲಿ ಗಂಡನ ಅವ್ವನಿಗೆ ಹೇಳುವುದಿಲ್ಲ. ಅವ್ವನಿಗೆ ಹೇಳಿದರೆ ಓಣಿಗೆ ಹೇಳಿದಂತೆ. ಓಣಿಗೆ ಹೇಳಿದರೆ ಹಾನಗಲ್ಲ, ಹಿರೇಕೆರೂರಿನ ಬೀಗರ ತನಕ ಹೋಗುತ್ತದೆ.

'ಹೆಣ್ಣಹುಡುಗಿ ರೀ ಮೇಡಮ್,' ಅಂದ ತಂದೆ. 'ನಾಳೆ ಅಕಿನ್ನ ಯಾರರ ಕೇಳಾಕ ಬಂದ್ರ, ಸಣ್ಣಕಿದ್ದಾಗ ತಲಿ ಗುಳಿಗಿ ತಿಂದಾಕಿ ಅಂತ ಅನ್ಸಿಕೋಬೇಕೇನ್ರಿ? ಶಕ್ತಿ ಗುಳಿಗಿ ಅಂತ ಹೇಳ್ತೇವಿ. ಮುಗೀತು.'

ಹುಡುಗಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಕಿಟಕಿಯ ಗಾಜು ಏರಿಸಿ ಇಳಿಸಿ ಮಾಡುತ್ತಿದ್ದಳು.

ಮೊದಲ ಗುಳಿಗೆ ಭಾನುವಾರ, ತಾಯಿಯ ಕೈಯಿಂದ. ಗಂಟಲಿಗೆ ಬಂದು ಹುಡುಗಿ ಎರಡು ಸಲ ಕಕ್ಕಿದಳಂತೆ. ಕೊನೆಗೆ ತಾಯಿ ಬಾಳೆಹಣ್ಣಿನ ತುಂಡಿನಲ್ಲಿ ಹುಗಿದು ನುಂಗಿಸಿದಳಂತೆ. ಮಧ್ಯಾಹ್ನ ನನಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಹುಡುಗಿ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಒಂದು ಆಡಿನ ಚಿತ್ರಕ್ಕೆ ಕೊಂಬಿನಿಂದ ಬಾಲದ ತನಕ ಬಣ್ಣ ತುಂಬಿದ್ದಳು. ಶುರು ಮಾಡಿದ ಚಿತ್ರ ಅವಳು ಮುಗಿಸಿದ್ದು ಅದೇ ಮೊದಲು. ಸಂಜೆಗೆ ತಾಯಿ ಫೋನ್ ಮಾಡಿದಳು. ಊಟ ಸ್ವಲ್ಪ ಕಮ್ಮಿ ಮಾಡ್ಯಾಳ್ರಿ, ಮತ್ತೇನಿಲ್ಲ ಅಂದಳು. ನಾನೂ ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿದೆ.

ಸೋಮವಾರ ಬಂದವಳನ್ನು ನೋಡಿ ದೀಪ ಹಚ್ಚಿದ್ದು ಬೇಗ ಆಯಿತು ಅನಿಸಿತು.

ಬೆಳಿಗ್ಗೆಯ ಎರಡನೇ ಪೀರಿಯಡ್ಡಿಗೆ ನನ್ನ ಕೋಣೆಗೆ ಬಂದಳು. ಬಂದು ಕೂತಳು. ಕೂತವಳು ಕೂತೇ ಇದ್ದಳು. ಕಂಪಾಸ್ ಪೆಟ್ಟಿಗೆ ಎದುರಿಗೇ ಇತ್ತು, ಮುಟ್ಟಲಿಲ್ಲ. ಕಣ್ಣು ಅಗಲ ತೆರೆದುಕೊಂಡು, ಹೆಬ್ಬೆರಳ ಉಗುರಿನ ಪಕ್ಕದ ಚರ್ಮ ಕೀಳುತ್ತ, ರಕ್ತ ಬಂದರೂ ಕೀಳುತ್ತ ಕೂತಳು. ಕರೆದರೆ ತಿರುಗುತ್ತಾಳೆ, ಆದರೆ ತಿರುಗಿದ ಮುಖದಲ್ಲಿ ಅವಳು ಇಲ್ಲ. ಕ್ಲಾಸ್ ಟೀಚರು ಬಾಗಿಲಲ್ಲಿ ಇಣುಕಿ, 'ಎಷ್ಟು ಶಾಣ್ಯಾ ಆಗ್ಯಾಳಲ್ರಿ ಮಿಸ್' ಅಂತ ಖುಷಿಪಟ್ಟು ಹೋದರು. ನಾನು ಹುಡುಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸಲು ನೋಡಿದೆ. ಬೆರಳ ಕೆಳಗೆ ಹಕ್ಕಿ ಸಿಕ್ಕಂತಿತ್ತು, ಎಣಿಕೆಗೆ ನಿಲ್ಲಲಿಲ್ಲ.

ಊಟದ ಡಬ್ಬಿ ತೆರೆಯಲೇ ಇಲ್ಲ. ಮಧ್ಯಾಹ್ನ ಊಟದ ಬಿಡುವು ಮುಗಿಯುವ ಹೊತ್ತಿಗೆ ಬೇರೆಯೇ ಹುಡುಗಿ. ಪೆನ್ಸಿಲ್ ಮುರಿಯಿತು ಅಂತ ಅಳು, ಯಾರೋ ನೋಡಿದರು ಅಂತ ಅಳು, ಕೊನೆಗೆ ಪಕ್ಕದ ಹುಡುಗಿಯ ಜಡೆ ಹಿಡಿದು ಎಳೆದದ್ದು. ನನ್ನ ತೊಡೆಯ ಮೇಲೆ ತಲೆ ಇಟ್ಟು, ಮಿಸ್, ನನ್ನ ಎದಿ ಓಡಾಕತ್ತೈತಿ ಅಂದಳು. ಆಮೇಲೆ ನಿದ್ದೆ ಹೋದಳು.

ತಾಯಿಗೆ ಫೋನ್ ಮಾಡಿದೆ. ಅವಳು ಡಾಕ್ಟರಿಗೆ ಮಾಡಿದಳು. ಗುಳಿಗೆ ಸರಿಯಾಗಿ ಕೊಟ್ಟಿರಾ, ಇಡಿಯಾಗಿ ನುಂಗಿದಳಾ ಅಂತಲೇ ಡಾಕ್ಟರು ಮೊದಲು ಕೇಳಿದರು. ಹೌದ್ರಿ, ನಮ್ಮ ಅತ್ತೆಯವರಿಗೆ ಬಿಡಿಸಿ ಹೇಳೇನಿ, ತಿಂದ ಮ್ಯಾಲೆ ಕೊಡ್ರಿ, ಪುಡಿ ಮಾಡಬ್ಯಾಡ್ರಿ ಅಂತ, ಹಂಗ ಕೊಟ್ಟಾರ ಅಂದಳು ತಾಯಿ. ತಂದೆ ನಸುಕಿಗೇ ಸವಣೂರಿಗೆ, ತಾಯಿ ಮೊದಲ ಬಸ್ಸಿಗೆ ಹಾನಗಲ್ಲ ಕಡೆಗೆ. ವಾರದ ದಿನಗಳಲ್ಲಿ ಹುಡುಗಿಯ ಮುಂಜಾನೆ ಪೂರ್ತಿ ಅಜ್ಜಿಯದು. ಮನೆಯಲ್ಲಿ ಆಕೆಯನ್ನು ಮೊಮ್ಮಗಳು ಆಯಿ ಅನ್ನುತ್ತಿದ್ದಳು, ನಾವೂ ಹಾಗೇ ಅನ್ನುತ್ತಿದ್ದೆವು. ಎರಡು ದಿನ ಗುಳಿಗೆ ಬಿಡಿ, ಆಮೇಲೆ ಮತ್ತೆ ಕೊಟ್ಟು ನೋಡಿ, ಹೀಗೇ ಆದರೆ ಕರೆದುಕೊಂಡು ಬನ್ನಿ ಅಂದರು ಡಾಕ್ಟರು.

ಬಿಟ್ಟ ದಿನಗಳಲ್ಲಿ ಟಕ್-ಟಕಾ ಮರಳಿತು. ಮತ್ತೆ ಶುರು ಮಾಡಿದ ದಿನ ನಿಂತಿತು, ಕೈಬೆರಳಿಂದ ರಕ್ತ, ಮಧ್ಯಾಹ್ನ ಅಳು. ಆ ದಿನವೇ ಮೆಟ್ಟಿಲ ಮೇಲೆ ಕೂತು ಕದಲಲಿಲ್ಲ. ಎಬ್ಬಿಸಲು ಹೋದ ಶಾಲೆಯ ಆಯಾಳ ಕೈ ಕಚ್ಚಿದಳು. ಹೆಡ್ ಮೇಡಮ್ ನನ್ನನ್ನು ಕರೆಸಿ ಮೆತ್ತಗೆ ಹೇಳಿದರು: ದಸರೆಯ ತನಕ ಅಂದಿದ್ದೆ, ಆದರೆ ಅಷ್ಟು ದಿನ ಕಾಯಲಿಕ್ಕಾಗದು. ಸೋಮವಾರ ಪೇರೆಂಟ್ಸನ್ನು ಕರೆಸ್ತೀನಿ.

ನಡುವೆ ಬಂದ ಭಾನುವಾರ ಮತ್ತೆ ತಾಯಿ ಕೈಯಾರೆ ಕೊಟ್ಟಳು. ಅವತ್ತು ಏನೂ ಆಗಲಿಲ್ಲ. ಹುಡುಗಿ ಉಂಡಳು, ಬಣ್ಣ ಹಾಕಿದಳು, ಆಯಿಯ ಜೊತೆ ಚೌಕಾಬಾರ ಆಡಿ ಮೋಸ ಮಾಡಿ ಗೆದ್ದಳು. ತಂದೆಗೆ ಅಷ್ಟೇ ಸಾಕಾಯಿತು. ಅಂದು ಸಂಜೆಯೇ ನನ್ನ ಮನೆಗೆ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ: 'ಮನ್ಯಾಗ ಗುಳಿಗಿ ತೊಗೊಂಡ್ರ ಕೂಸು ಬಂಗಾರದಂಗ ಇರತೈತಿ. ನಿಮ್ಮ ಸಾಲಿಗೆ ಬಂದ್ರ ದೆವ್ವ ಹಿಡದಂಗ ಆಗತೈತಿ. ತಪ್ಪು ಗುಳಿಗೀದಲ್ಲ ಬಿಡ್ರಿ. ನೀವ ಟಿ.ಸಿ. ಕೊಡಬ್ಯಾಡ್ರಿ, ನಾನ ತೊಗೊತೇನಿ. ಗುಳಿಗೀನೂ ಬಂದ್. ಸಾಲೀನೂ ಬಂದ್.'

ಆತ ಸಿಟ್ಟಿನಲ್ಲಿ ಹೇಳಿದ ಮಾತೇ ಆ ಇರುಳೆಲ್ಲ ನನ್ನ ತಲೆಯಲ್ಲಿ ಕೂತಿತು. ಭಾನುವಾರ ಬಂಗಾರ, ಸೋಮವಾರ ದೆವ್ವ. ಗುಳಿಗೆ ಅದೇ, ಹುಡುಗಿ ಅದೇ. ಬೇರೆ ಏನು? ಶಾಲೆ ಅನ್ನುತ್ತಾನೆ ತಂದೆ. ಆದರೆ ಶಾಲೆಯ ಗೇಟು ದಾಟುವ ಮೊದಲೇ ಅವಳ ಕಣ್ಣು ಹಾಗಿರುತ್ತಿತ್ತು, ಆಟೋದಿಂದ ಇಳಿಯುವಾಗಲೇ ನಾನು ನೋಡಿದ್ದೆ. ಆಟೋಕ್ಕಿಂತ ಮೊದಲಿನದು ಮಾತ್ರ ನಾನು ನೋಡಿರಲಿಲ್ಲ. ಭಾನುವಾರ ಗುಳಿಗೆ ಕೊಡುವ ಕೈ ಒಂದು, ವಾರದಲ್ಲಿ ಕೊಡುವ ಕೈ ಇನ್ನೊಂದು.

ಟೀಚರುಗಳು ಹೇಳದೆ ಕೇಳದೆ ಮಕ್ಕಳ ಮನೆಗೆ ಹೋಗುವುದು ನಮ್ಮ ಶಾಲೆಯಲ್ಲಿ ಪದ್ಧತಿಯಲ್ಲ. ಹೋದರೆ ಏನೋ ಚಾಡಿಗೆ ಬಂದರು ಅಂತಲೇ ಅರ್ಥ. ಆದರೂ ಸೋಮವಾರ ಬೆಳಿಗ್ಗೆ ಕೊಡೆ ಹಿಡಿದು ಅವರ ಓಣಿಗೆ ನಡೆದೆ. ತಾಯಿಗೆ ಮಾತ್ರ ಫೋನ್ ಮಾಡಿ ಹೇಳಿದ್ದೆ. ಗಂಡನ ಕಣ್ಣು ತಪ್ಪಿಸಿ ಇವತ್ತೊಂದು ದಿನ ಗುಳಿಗೆ ಅತ್ತೆಯ ಕೈಗೆ ಕೊಟ್ಟು ಬಂದಿದ್ದೇನೆ, ನೋಡಿಬಿಡಿ ಅಂದಿದ್ದಳು ಅವಳು, ಬಸ್ಸಿನ ಗದ್ದಲದಲ್ಲಿ.

ಪಡಸಾಲೆಯಲ್ಲಿ ಗೋಣಿತಟ್ಟು ಹೊದಿಸಿದ ಎಲೆಯ ಪೆಂಡಿ, ಒದ್ದೆ ವಾಸನೆ. ಹುಡುಗಿ ಯುನಿಫಾರ್ಮು ಹಾಕಿಕೊಂಡು, ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು ಕಂಬಕ್ಕೆ ಸುತ್ತು ಹಾಕುತ್ತಿದ್ದಳು. ನನ್ನನ್ನು ನೋಡಿ 'ಮಿಸ್ ಬಂದ್ರು' ಅಂತ ಕೂಗಿ ಮತ್ತೆ ಸುತ್ತಿದಳು. ಕಣ್ಣು ತಿಳಿಯಾಗಿತ್ತು. ಬೇಗ ಬಂದಿದ್ದೆ, ಅಷ್ಟೇ ಸಮಾಧಾನ.

ಅಷ್ಟರಲ್ಲಿ ಅಡಿಗೆಮನೆಯಿಂದ ಒಂದು ಸದ್ದು ಬಂತು. ಸರ್ರ್... ಸರ್ರ್... ಸರ್ರ್. ಆ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿದ್ದು. ಸವಣೂರಿನ ನಮ್ಮ ಮನೆಯಲ್ಲಿ ಪೂಜೆಗೆ ಮುಂಚೆ ಅಪ್ಪ ಗಂಧ ತೇಯುತ್ತಿದ್ದರು, ತಮ್ಮಂದಿರು ಕೂಸುಗಳಿದ್ದಾಗ ಅಜ್ಜಿ ಬಜೆ ತೇದು ನೆಕ್ಕಿಸುತ್ತಿದ್ದಳು. ಸಾಣೆಕಲ್ಲಿನ ಸದ್ದು. ಆದರೆ ಗಂಧದ ಕೊರಡಿನದು ಮೆತ್ತಗಿನ ಸದ್ದು. ಇದು ಒಣ, ಸಣ್ಣ, ಹಲ್ಲು ಜುಮ್ಮೆನ್ನುವಂಥ ಸದ್ದು. ನಾನು ಕೊಡೆ ಅಲ್ಲೇ ಬಿಟ್ಟು ಒಳಗೆ ಹೋದೆ.

ಒಲೆಯ ಪಕ್ಕ ಮಣೆಯ ಮೇಲೆ ಆಯಿ ಕೂತಿದ್ದರು. ನನ್ನ ಓರಗೆಯ ಹೆಂಗಸು, ಹಣೆತುಂಬ ವಿಭೂತಿ. ಮುಂದೆ ಸಾಣೆಕಲ್ಲು, ಅದರ ಮೇಲೆ ಎರಡು ಹನಿ ಜೇನುತುಪ್ಪ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನಿಧಾನವಾಗಿ, ಭಕ್ತಿಯಿಂದ, ಗುಳಿಗೆ ತೇಯುತ್ತಿದ್ದರು. ಸವೆದು ಬೇಳೆಯಷ್ಟು ಉಳಿದಿತ್ತು.

'ಬರ್ರಿ ಅಕ್ಕೋರ, ಕುಂದರ್ರಿ,' ಅಂದರು ಕೈ ನಿಲ್ಲಿಸದೆ. 'ಇದೊಂದ ನೆಕ್ಕಿಸಿ ಚಾ ಇಡ್ತೇನಿ.'

'ಏನು ಮಾಡಲಿಕ್ಕತ್ತೀರಿ ಆಯಿ?'

'ಕೂಸಿನ ಶಕ್ತಿ ಗುಳಿಗಿ.'

'ಪುಡಿ ಮಾಡಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ ಸೊಸಿ?'

ಆಯಿ ತಲೆ ಎತ್ತಿ ನನ್ನನ್ನು ನೋಡಿದರು. ಇಷ್ಟು ಓದಿದಾಕಿಗೆ ಇಷ್ಟೂ ತಿಳಿಯೂದಿಲ್ಲಲ್ಲ ಅನ್ನುವಂಥ ನೋಟ.

'ಪುಡಿ ಎಲ್ಲಿ ಮಾಡೇನ್ರಿ? ಒಳ್ಳಕಲ್ಲಿಗೆ ಹಾಕಿ ಕುಟ್ಟಿದ್ರ ಪುಡಿ. ನಾ ತೇದೇನಿ. ಇಡೀದು ನುಂಗಿದ್ರ ಕಕ್ಕತೈತಿ ಕೂಸು, ಕಕ್ಕಿದ್ದು ಮೈಗೆ ಹತ್ತತೈತೇನು? ತೇದ ಕೊಟ್ರ ಒಂದ ಹನಿ ಹಾಳಾಗೂದಿಲ್ಲ, ಎಲ್ಲಾ ಮೈಗೆ ಹತ್ತತೈತಿ.'

ಎಲ್ಲಾ ಮೈಗೆ ಹತ್ತುತ್ತಿತ್ತು, ಖರೆ. ದಿನವಿಡೀ ಹನಿಹನಿಯಾಗಿ ಇಳಿಯಬೇಕಾದದ್ದು ಒಂದೇ ಸಲಕ್ಕೆ. ಅಷ್ಟರಲ್ಲಿ ಹುಡುಗಿ ಓಡಿಬಂದು ಆಯಿಯ ಮುಂದೆ ಕೂತು, ಕಣ್ಣು ಮುಚ್ಚಿ ಬಾಯಿ ತೆರೆದಳು, ಗೂಡಿನ ಮರಿಯಂತೆ. ಆಯಿ ಬೆರಳಲ್ಲಿ ಲೇಪ ತೆಗೆದರು. ನಾನು ಅವರ ಕೈ ಹಿಡಿದೆ.

ಬ್ಯಾಡ್ರಿ, ಇವತ್ತು ಬ್ಯಾಡ ಅಂದೆ. ಆಯಿ ಕೈ ಬಿಡಿಸಿಕೊಳ್ಳಲು ನೋಡಿದರು. ಪರರ ಮನೆಯ ಅಡಿಗೆಮನೆಯಲ್ಲಿ, ಅವರ ಮೊಮ್ಮಗಳ ಬಾಯಿಯ ಮುಂದೆ ಕೈ ಅಡ್ಡ ಹಿಡಿದು ನಾನು ಕೂತಿದ್ದೆ. ಯಾಕೆ ಬೇಡ ಅಂತ ಕೇಳಿದರೆ ಹೇಳಲು ನನಗೆ ಅಧಿಕಾರ ಇರಲಿಲ್ಲ. ಆಯಿ ಕೇಳಿಯೇ ಕೇಳಿದರು. ಡಾಕ್ಟರು ಬದಲು ಮಾಡ್ಯಾರಂತ, ಸಂಜೀಗೆ ನಿಮ್ಮ ಮಗ ಹೇಳ್ತಾನ ಅಂದೆ. ಆಯಿ ಬೆರಳನ್ನು ಸಾಣೆಕಲ್ಲಿಗೆ ಒರೆಸಿದರು. ಮುಖ ಸಣ್ಣದಾಯಿತು. ಹುಡುಗಿ ಇನ್ನೂ ಬಾಯಿ ತೆರೆದೇ ಇದ್ದಳು. ಅದರೊಳಗೆ ಆಯಿ ಬರೀ ಒಂದು ಚಮಚೆ ಜೇನು ಹಾಕಿದರು.

ಅಂಗಳಕ್ಕೆ ಬಂದು ಡಾಕ್ಟರಿಗೆ ಫೋನ್ ಹಚ್ಚಿದೆ. 'ತೇಯೋದು ಅಂದರೇನು?' ಅಂದರು ಅವರು. ಅವರು ಈ ಕಡೆಯವರಲ್ಲ. ವಿವರಿಸಿದೆ. ಇವತ್ತು ಏನೂ ಕೊಡಬೇಡಿ, ನಾಳೆ ಹುಡುಗಿಯನ್ನು ಕರೆತನ್ನಿ, ಇ.ಸಿ.ಜಿ. ಮಾಡೋಣ ಅಂದರು. ಆಮೇಲೆ, ಔಷಧ ಒಗ್ಗಿಲ್ಲ ಅಂತ ತೀರ್ಮಾನಿಸುವುದರಲ್ಲಿದ್ದೆ ಮೇಡಮ್ ಅಂದರು.

ಹೆಡ್ ಮೇಡಮ್‌ಗೆ ಹೋಗಿ ಇದ್ದದ್ದು ಹೇಳಿದೆ. ಪೇರೆಂಟ್ಸ್ ಮೀಟಿಂಗ್ ಇ.ಸಿ.ಜಿ. ಆಗುವ ತನಕ ಮುಂದಕ್ಕೆ ಹೋಯಿತು. ಅಷ್ಟು ಅವಧಿ ಸಿಕ್ಕಿತು.

ಸಂಜೆ ಗಂಡಹೆಂಡತಿ ಇಬ್ಬರನ್ನೂ ನನ್ನ ಕೋಣೆಯಲ್ಲಿ ಡ್ರಮ್ಮಿನ ಪಕ್ಕ ಕೂರಿಸಿ ಹೇಳಿದೆ. ತಾಯಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಂದೆ ಮೊದಲು ನಂಬಲಿಲ್ಲ. ನಂಬಿದ ಮೇಲೆ, ಆಯ್ತು, ಇನ್ನ ಮ್ಯಾಲೆ ಅವ್ವನ ಕೈಯಾಗ ಕೊಡೂದ ಬ್ಯಾಡ, ನಸುಕಿನ್ಯಾಗ ನಾನ ಎಬ್ಬಿಸಿ ನುಂಗಿಸಿ ಹೋಗ್ತೇನಿ ಅಂದ. ಅಷ್ಟು ನಸುಕಿಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಶಾಲೆ ಬಿಡುವ ಮೊದಲೇ ಔಷಧದ ಗುಣ ಇಳಿದುಹೋಗುತ್ತದೆ ಅಂದೆ. ಹಾಗಾದರೆ ನೀವೇ ಶಾಲೆಯಲ್ಲಿ ಕೊಡಿ ಅಂದ. ಕೊಡಬಹುದಿತ್ತು. ಸುಲಭವೂ ಆಗಿತ್ತು. ಆದರೆ ರಜೆ ಬರುತ್ತದೆ, ನೆಗಡಿ ಜ್ವರ ಬರುತ್ತದೆ, ಬೇರೆ ಔಷಧ ಜೊತೆಯಾಗುತ್ತದೆ. ಮುಂಜಾನೆಯಿಂದ ಸಂಜೆಯ ತನಕ ಹುಡುಗಿಯ ಜೊತೆ ಇರುವ ಒಬ್ಬರಿಗೆ ಅವಳ ಹೊಟ್ಟೆಯಲ್ಲಿ ಏನು ಇದೆ ಅಂತ ಗೊತ್ತಿಲ್ಲ. ಇದು ಸರಿ ಅಲ್ಲ. ಆಯಿಗೆ ಹೇಳಿದರೆ ಮಾತ್ರ ನಾನು ಇದರಲ್ಲಿ ಇರುತ್ತೇನೆ, ಇಲ್ಲದಿದ್ದರೆ ಡಾಕ್ಟರ ಹತ್ತಿರ ನನ್ನನ್ನು ಕರೆಯಬೇಡಿ ಅಂದೆ. ಹಾಗೆ ಕಟ್ಟುನಿಟ್ಟಾಗಿ ಯಾರಿಗಾದರೂ ಹೇಳಿ ಎಷ್ಟೋ ವರ್ಷ ಆಗಿತ್ತು, ನನ್ನ ದನಿ ನನಗೇ ಕಾನ್ವೆಂಟಿನ ಸಿಸ್ಟರ್ ದನಿಯಂತೆ ಕೇಳಿಸಿತು.

ಹೇಳಿದವನು ತಂದೆಯೇ. ನಾನೂ ತಾಯಿಯೂ ಬಾಗಿಲಲ್ಲಿ ನಿಂತಿದ್ದೆವು. ಆಯಿ ಪಡಸಾಲೆಯಲ್ಲಿ ಎಲೆ ಆರಿಸುತ್ತ ಕೂತಿದ್ದರು, ಕೊಳೆತದ್ದು ಈಚೆ, ಚಲೋದು ಆಚೆ. ಆತ ತಡವರಿಸುತ್ತ ಎಲ್ಲ ಹೇಳಿದ. ಶಕ್ತಿ ಗುಳಿಗಿ ಅಲ್ಲ ಅಂದ. ಆಯಿಯ ಕೈ ಎಲೆಯ ಮೇಲೆ ನಿಂತಿತು.

'ಅಂದ್ರ ಕೂಸು ಮಧ್ಯಾಹ್ನಾ ಅಳ್ತಿತ್ತಲ್ಲ ಸಾಲ್ಯಾಗ, ಅದು ನನ್ನ ಕೈಲೇನು?'

ಆಯಿ ಎಲೆಗಳನ್ನು ಪಕ್ಕಕ್ಕೆ ಸರಿಸಿದರು.

'ದೃಷ್ಟಿ ಆಗೇತಿ ಅಂತ ದಿನಾ ಉಪ್ಪು ಮೆಣಸಿನಕಾಯಿ ನಿವಾಳ್ಸಿ ಒಲಿಗೆ ಹಾಕ್ತಿದ್ದೆ ನಾನು,' ಅಂದರು ಆಯಿ. 'ನನಗ ಸುಳ್ಳ ಹೇಳಿ, ನನ್ನ ಕೈಲೆ ನನ್ನ ಕೂಸಿಗೆ ಹಾಕಿಸಿದ್ರಲ್ಲೋ. ಓಣ್ಯಾಗ ಹೇಳ್ತಾಳ ಮುದುಕಿ ಅಂತ ಅಲ್ಲೇನು? ನೀನು ಹುಟ್ಟಿದಾಗ ನಿನ್ನ ಅಪ್ಪಗ ಏನೇನ ಇತ್ತು, ಇವತ್ತಿಗೂ ಓಣಿಗೆ ಗೊತ್ತೈತೇನು?'

ಆಮೇಲೆ ಎದ್ದು ಒಳಗೆ ಹೋದರು. ಸಾಣೆಕಲ್ಲು ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ತಂದೆ ಅಲ್ಲಿಯೇ ಕೂತು, ಆಯಿ ಬಿಟ್ಟುಹೋದ ಎಲೆಗಳನ್ನು ಆರಿಸತೊಡಗಿದ. ಕೊಳೆತದ್ದನ್ನೂ ಚಲೋದನ್ನೂ ಒಂದೇ ಕಡೆ ಹಾಕುತ್ತಿದ್ದ.

ಇ.ಸಿ.ಜಿ. ಸರಿ ಇತ್ತು. ಹುಬ್ಬಳ್ಳಿಗೆ ಈ ಸಲ ಆಯಿಯೂ ಬಂದಿದ್ದರು, ಮುಂದಿನ ಸೀಟಿನಲ್ಲಿ. ಕೆಲವು ದಿನ ಬಿಟ್ಟು ಅದೇ ಗುಳಿಗೆ ಮತ್ತೆ ಶುರು ಮಾಡೋಣ, ಆದರೆ ಮೊದಲು ಹುಡುಗಿಗೆ ನುಂಗಲು ಕಲಿಸಿ ಅಂದರು ಡಾಕ್ಟರು. ಹೇಗೆ ಕಲಿಸುವುದು ಅಂತ ಆಯಿ ಕೇಳಿದರು. ಸಣ್ಣದರಿಂದ ದೊಡ್ಡದಕ್ಕೆ ಹೋಗಿ, ಗಟ್ಟಿಯಾದ ಏನಾದರೂ ಒಂದರ ಜೊತೆ ನುಂಗಿಸಿ ಅಂದರು. ಮಿಕ್ಕದ್ದು ಆಯಿಯೇ ಕಟ್ಟಿಕೊಂಡರು. ಮೊದಲು ನೆನೆಸಿದ ಸಾಬೂದಾಣಿ ಒಂದೊಂದೇ ಕಾಳು, ಗಟ್ಟಿ ಮೊಸರಿನ ಚಮಚೆಯಲ್ಲಿ. ಅದು ಸಲೀಸಾದ ಮೇಲೆ ಜೀರಿಗಿ ಪೆಪ್ಪರಮಿಂಟು. ಆಮೇಲೆ ಕಡಲೆಬೇಳೆ ಗಾತ್ರಕ್ಕೆ ಕೊರೆದ ಬೆಲ್ಲದ ಹರಳು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಅವರ ಮನೆಗೆ ಹೋಗಿ ಕೂತು ನೋಡುತ್ತಿದ್ದೆ. ಚಮಚೆ ಇಡುವುದು, ಗುಟುಕರಿಸುವುದು, ನುಂಗಿದ ಮೇಲೆ ಹುಡುಗಿ ನಾಲಿಗೆ ಪೂರ್ತಿ ಹೊರಗೆ ಹಾಕಿ 'ಆ' ಅನ್ನುವುದು. ಆಯಿ ಅವಳ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, ಎಡಕ್ಕೆ ಬಲಕ್ಕೆ ನೋಡಿ 'ಖಾಲಿ' ಅನ್ನುವುದು. ಒಂದು ಸಲ ಬೆಲ್ಲ ಸಿಕ್ಕಿಕೊಂಡು ಹುಡುಗಿ ಕೆಮ್ಮಿದಾಗ ನಾನು ಎದ್ದೇಬಿಟ್ಟೆ. ಆಯಿ ಬೆನ್ನು ತಟ್ಟಿ, 'ಕುಂದರ್ರಿ ಅಕ್ಕೋರ, ನಿಮ್ಮ ಗಂಟಲಲ್ಲ ಅದು' ಅಂದರು.

ಗುಳಿಗೆ ಮತ್ತೆ ಶುರುವಾದ ದಿನ ನಾನು ಶಾಲೆಯ ಗೇಟಿನಲ್ಲಿ ಆಟೋ ಕಾದೆ. ಇಳಿದಳು. ಕಣ್ಣು ಅವಳದೇ. ನನ್ನ ಕೋಣೆಯಲ್ಲಿ ಕೂತು ಲೆಕ್ಕ ಶುರು ಮಾಡಿದಳು, ಮೂರನೇದಕ್ಕೆ ಕಂಪಾಸ್ ಪೆಟ್ಟಿಗೆಗೆ ಕೈ ಹಾಕಿದಳು. ಟಕ್. ಆಮೇಲೆ ತಾನೇ ಪೆಟ್ಟಿಗೆ ನೋಡಿ, ಪಕ್ಕಕ್ಕೆ ಸರಿಸಿ, ನಾಲ್ಕನೇ ಲೆಕ್ಕಕ್ಕೆ ಹೋದಳು. ನಾನು ಮುಖ ಆಚೆ ತಿರುಗಿಸಿದೆ.

ಪವಾಡ ಏನೂ ಆಗಲಿಲ್ಲ. ಮಧ್ಯಾಹ್ನದ ಊಟ ಅರ್ಧಕ್ಕೇ ನಿಲ್ಲುತ್ತಿತ್ತು, ಸಂಜೆ ಹಸಿದು ಬಂದಾಗ ಆಯಿ ತುಪ್ಪ ಹಚ್ಚಿ ರೊಟ್ಟಿ ಕೊಡುತ್ತಿದ್ದರು. ಬೂಟು ಇನ್ನೂ ಕಳೆಯುತ್ತಿದ್ದವು. ಆದರೆ ದಸರೆಗೆ ಮುಂಚಿನ ಮೀಟಿಂಗಿನಲ್ಲಿ ಹೆಡ್ ಮೇಡಮ್ ಟಿ.ಸಿ.ಯ ಮಾತೆತ್ತಲಿಲ್ಲ. ರಜೆ ಮುಗಿದ ಮೇಲೆ ಬೇಗ ಕಳಿಸಿ, ಲೇಟ್ ಮಾಡಬೇಡಿ ಅಂದರು. ತಂದೆ ಹೊರಗೆ ಬಂದು ನನ್ನ ಕೈಗೆ ಒಂದು ಕಟ್ಟು ಎಲೆ ಇಟ್ಟ. ನಾನು ಎಲೆ ಹಾಕುವುದಿಲ್ಲ. ಇಸಿದುಕೊಂಡೆ.

ಆಯಿಯನ್ನು ಕೊನೆಯ ಸಲ ನೋಡಿದ್ದು ಅದಾಗಿ ಒಂದು ವರ್ಷದ ಮೇಲೆ, ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ. ಹಿರೇಕೆರೂರಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ, ಬಸ್ಸು ಅಲ್ಲಿ ನಿಂತಿತ್ತು. ಆಯಿಯ ತವರು ಹಾನಗಲ್ಲ. ನನ್ನನ್ನು ಕಿಟಕಿಯಲ್ಲಿ ನೋಡಿ ಕಟ್ಟೆಯಿಂದ ಎದ್ದು ಬಂದರು. ಬಹಳ ಬಡವಾಗಿದ್ದರು, ಕುಪ್ಪಸದ ತೋಳು ಜೋತುಬಿದ್ದಿತ್ತು. ಹುಡುಗಿಯ ಸುದ್ದಿ ಹೇಳಿದರು. ತಾನೇ ಈಗ ಗುಳಿಗೆ ತೆಗೆದುಕೊಂಡು ನಾಲಿಗೆ ತೋರಿಸುತ್ತಾಳಂತೆ, ಕೇಳದಿದ್ದರೂ.

ಆಮೇಲೆ ಸೊಂಟದ ಸಂಚಿ ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ಒಂದು ಗುಳಿಗೆಯ ಪಟ್ಟಿ ತೆಗೆದು ಕಿಟಕಿಯ ಸರಳಿನ ಒಳಗೆ ಚಾಚಿದರು.

'ನನಗೂ ಚಾಲೂ ಮಾಡ್ಯಾರ ನೋಡ್ರಿ. ಶಕ್ತಿ ಗುಳಿಗಿ ಅಂತ. ಇಂಗ್ಲಿಷ್‌ದಾಗ ಐತಿ, ಓದ್ರಿ.'

ಚಷ್ಮಾ ಹಾಕಿಕೊಂಡು ಓದಿದೆ. ಆ ಹೆಸರು ನನಗೆ ಗೊತ್ತಿತ್ತು. ನಮ್ಮ ಮನೆಯವರ ಕೊನೆಯ ತಿಂಗಳುಗಳಲ್ಲಿ ಅವರ ತಲೆದಿಂಬಿನ ಪಕ್ಕ ಇದ್ದದ್ದು ಅದೇ ಪಟ್ಟಿ. ಡ್ರೈವರ್ ಹತ್ತಿ ಬಾಗಿಲು ಬಡಿದ. ಆಯಿ ಬಸ್ಸಿನ ಮೈಗೆ ಒಂದು ಕೈ ಊರಿ ನಿಂತಿದ್ದರು.

'ಯಾ ಜಡ್ಡಿಗೆ ಅಂತ ಹೇಳಬ್ಯಾಡ್ರಿ. ಶಕ್ತಿ ಗುಳಿಗಿ ಹೌದೋ ಅಲ್ಲೋ, ಅಷ್ಟ ಹೇಳ್ರಿ.'

'ಅಲ್ರಿ ಆಯಿ,' ಅಂದೆ.

ಪಟ್ಟಿ ವಾಪಸು ಇಸಿದುಕೊಂಡರು. ಸಂಚಿಯಲ್ಲಿ ಅದು ಇದ್ದ ಜಾಗದಲ್ಲೇ ಇಟ್ಟು ದಾರ ಎಳೆದರು.

'ನನಗ ಹಂಗ ಅನ್ಸಿತ್ತು,' ಅಂದರು. 'ಇರ್ಲಿ. ಇಡೀದ ನುಂಗಾಕತ್ತೇನಿ. ತೇದಿಲ್ಲ.'

ಬಸ್ಸು ಹೊರಟಿತು. ಆಯಿ ಅದರ ಜೊತೆ ಎರಡು ಹೆಜ್ಜೆ ನಡೆದು, ಕಿಟಕಿಯ ಕಡೆ ಮುಖ ಎತ್ತಿ, ಎಲೆ ಅಡಿಕೆಯಿಂದ ಕೆಂಪಾದ ನಾಲಿಗೆ ಪೂರ್ತಿ ಹೊರಗೆ ಹಾಕಿ ನನಗೆ 'ಆ' ಅಂತ ತೋರಿಸಿದರು.